ಐದನೇ ನಂಬರಿನ ನಿಧಾನ

ಸರ್ವಮಂಗಳಾ ಮೇಡಂ ಬರುತ್ತಿದ್ದಾರೆಂಬುದು ಉಮಾಮಹೇಶ್ವರನಿಗೆ ಅವರ ಹೆಜ್ಜೆಯಿಂದಲೇ ತಿಳಿಯುತ್ತಿತ್ತು. ಕಾರಿಡಾರಿನ ಆ ತುದಿಯಲ್ಲಿ ಸಸ್ಯಶಾಸ್ತ್ರ ವಿಭಾಗದ ಬಾಗಿಲು ಎಳೆದುಕೊಂಡ ಸದ್ದು, ಆಮೇಲೆ ಅವಸರವಿಲ್ಲದ, ಅಳೆದು ಇಟ್ಟಂಥ ಚಪ್ಪಲಿಯ ಸದ್ದು. ಜೂನ್‌ನಿಂದ ಈಚೆಗೆ ಅದು ಕಿವಿಗೆ ಬಿದ್ದ ಕೂಡಲೇ ಅವನಿಗೆ ಸಿಟ್ಟು ಬರುತ್ತಿತ್ತು. ಮಹಡಿ ಮೆಟ್ಟಿಲಿನ ಅಡಿಯಲ್ಲಿ ಪ್ಲೈವುಡ್ ಹೊಡೆದು ಮಾಡಿದ ಆ ಗೂಡಿನಲ್ಲಿ ಅವನು ಪೂರ್ತಿ ನೆಟ್ಟಗೆ ನಿಲ್ಲುವಂತಿರಲಿಲ್ಲ. ತಲೆಯ ಮೇಲೆ ಇಡೀ ಕೊಪ್ಪದ ಹುಡುಗ ಹುಡುಗಿಯರು ಹತ್ತಿ ಇಳಿಯುತ್ತಿದ್ದರು. ಎದುರಿಗೆ ಸದಾ ಗುಂಯ್‌ಗುಡುವ ಹಳೆಯ ಕಂಪ್ಯೂಟರು, ಅದರ ಮೇಲೆ ಅವನೇ ಸ್ಕೇಲಿಟ್ಟು ಗೆರೆ ಎಳೆದ ದೂರು ಪುಸ್ತಕ. ತಾರೀಖು, ದೂರು, ಕಾರಣ, ಪರಿಹಾರ, ಸಹಿ. ಮೂರು ತಿಂಗಳಲ್ಲಿ ಹನ್ನೊಂದು ಸಲ ಒಂದೇ ಕೈಬರಹದ ಒಂದೇ ದೂರು: ‘ಇಂಟರ್‌ನೆಟ್ ಬಹಳ ನಿಧಾನ.’ ಕಾರಣದ ಕೆಳಗೆ ಒಂಬತ್ತು ಸಲ ‘ದೋಷ ಕಂಡುಬಂದಿಲ್ಲ’ ಎಂದು ಬರೆದಿದ್ದ. ಕೊನೆಯ ಎರಡು ಸಲ, ಬರೆಯುವ ಮುಂಚೆ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದು, ‘ಬಳಕೆದಾರರ ದೋಷ’ ಎಂದು ಬರೆದಿದ್ದ. ಆ ಎರಡು ಪದಗಳನ್ನು ಬರೆದ ಸಂಜೆ ಭಂಡಿಗಡಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಏನೋ ಗೆದ್ದವನಂತೆ ಅವನಿಗೆ ಹಗುರಾಗಿತ್ತು.

ಕಾಲೇಜಿಗೆ ಇದ್ದದ್ದು ಒಂದೇ ಲೈನು. ಅದನ್ನು ಇಪ್ಪತ್ತೆಂಟು ಜನ ಅಧ್ಯಾಪಕರಿಗೆ ಹಂಚುವ ಪ್ರಾಕ್ಸಿ ಸರ್ವರ್ ಎಂದರೆ ಈ ಗುಂಯ್‌ಗುಡುವ ಪೆಟ್ಟಿಗೆ. ಯಾರು ಎಲ್ಲಿ ಕೂತು ಯಾವ ಪುಟ ಕೇಳಿದರೂ ಕೇಳಿಕೆ ಮೊದಲು ಇದರ ಹತ್ತಿರ ಬರಬೇಕು, ಇದೇ ಹೊರಗೆ ಹೋಗಿ ತಂದುಕೊಡಬೇಕು. ಯಾರು ಕೇಳುತ್ತಿದ್ದಾರೆಂದು ಅದಕ್ಕೆ ಗೊತ್ತಾಗಲು ಒಬ್ಬೊಬ್ಬರಿಗೆ ಒಂದೊಂದು ನಂಬರು, ಒಂದೊಂದು ಪಾಸ್‌ವರ್ಡು. ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಕೊಟ್ಟರೆ ಮೆಮೊ ಎಂದು ಪ್ರಿನ್ಸಿಪಾಲರು ಸುತ್ತೋಲೆ ಹೊರಡಿಸಿದ್ದರು. ನಂಬರನ್ನು ಅವನು ಹಾಜರಿ ಪುಸ್ತಕದಲ್ಲಿ ಸಹಿ ಮಾಡುವ ಕ್ರಮದಲ್ಲೇ ಕೊಟ್ಟಿದ್ದ. ಅದೇ ಸುಲಭವೆನಿಸಿತ್ತು. ಸುಲಭವೆನಿಸಿದ್ದು ಜೂನ್‌ನಲ್ಲಿ ಗಣಿತದ ಹಿರಿಯರೊಬ್ಬರು ನಿವೃತ್ತರಾಗುವವರೆಗೆ. ಹಾಜರಿ ಪುಸ್ತಕದಲ್ಲಿ ಎರಡನೆಯ ಸಾಲು ಖಾಲಿಯಾಗಿ ಕೆಳಗಿದ್ದವರೆಲ್ಲ ಒಂದೊಂದು ಸಾಲು ಮೇಲೆ ಬಂದರು. ಮಾರನೆಯ ದಿನವೇ ಭೌತಶಾಸ್ತ್ರದ ಮುಖ್ಯಸ್ಥ ವಿದ್ಯಾಶಂಕರ ಗೂಡಿನ ಬಾಗಿಲಿಗೆ ಕೈ ಆನಿಸಿ ನಿಂತಿದ್ದರು. “ಎಂತ ಉಮಾ, ಪುಸ್ತಕದಲ್ಲಿ ನಾನು ನಾಲ್ಕು. ನಿನ್ನ ಮಿಷಿನ್ನಲ್ಲಿ ಇನ್ನೂ ಐದೇ ಇದೀನಲ್ಲ ಮಾರಾಯ? ಹಿಂಬಡ್ತಿಯಾ?” ನಗುತ್ತಲೇ ಕೇಳಿದ್ದರು. ನಗುತ್ತಲೇ ಕೇಳಿದ್ದನ್ನು ಮಾಡದಿದ್ದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಒಂದು ಇಡೀ ಶನಿವಾರ ಕೂತು ಎಲ್ಲರನ್ನೂ ಒಂದೊಂದು ನಂಬರು ಮೇಲಕ್ಕೆ ಸರಿಸಿ, ಚೀಟಿಗಳಲ್ಲಿ ಬರೆದು ಹಂಚಿದ್ದ. ಭೌತಶಾಸ್ತ್ರದಲ್ಲಿ ಎಂಎಸ್ಸಿ ಓದಿ ಈ ಕೆಲಸ ಮಾಡುತ್ತಿದ್ದೇನೆ ಎಂದು ಚೀಟಿ ಮಡಿಸುವಾಗ ಒಂದು ಸಲ ಅನಿಸಿತ್ತು. ಇಪ್ಪತ್ತೇಳು ಚೀಟಿಗಳಿದ್ದವು, ಒಂದೇ ಸಲ ಅನಿಸಿದ್ದು ದೊಡ್ಡದು.

“ಉಮಾಮಹೇಶ್ವರ ಅವ್ರೆ, ಪ್ರಿನ್ಸಿಪಾಲ್ರು ಕರೀತಿದಾರೆ. ಇಬ್ರನ್ನೂ.” ಸರ್ವಮಂಗಳಾ ಗೂಡಿನೊಳಗೆ ತಲೆ ಹಾಕಲಿಲ್ಲ. ಹೊರಗೇ ನಿಂತು ಹೇಳಿ, ಅವನು ಬರಲೆಂದೂ ಕಾಯದೆ ಹೊರಟರು. ಅವನ ಹೆಸರನ್ನು ಪೂರ್ತಿಯಾಗಿ ಕರೆಯುತ್ತಿದ್ದವರು ಆ ಕಾಲೇಜಿನಲ್ಲಿ ಅವರೊಬ್ಬರೇ. ಮೊದಮೊದಲು ಅದು ಮರ್ಯಾದೆ ಎನಿಸುತ್ತಿತ್ತು. ಈಗೀಗ ಸಮನ್ಸ್ ಓದಿದ ಹಾಗೆ ಕೇಳುತ್ತಿತ್ತು.

ಪ್ರಿನ್ಸಿಪಾಲ್ ಚಂದ್ರಶೇಖರಯ್ಯನವರ ಮೇಜಿನ ಮೇಲೆ ಒಂದು ಕಂದು ಫೈಲಿತ್ತು. ಅದು ತನ್ನದೇ ಎಂದು ಅವನಿಗೆ ದೂರದಿಂದಲೇ ತಿಳಿಯಿತು. ಟೆಕ್ನಿಷಿಯನ್ ಎಂದು ನಾಲ್ಕು ವರ್ಷದ ತಾತ್ಕಾಲಿಕ ನೇಮಕದ ನಾಲ್ಕು ಆದೇಶಗಳು ಅದರೊಳಗೆ ಒಂದರ ಮೇಲೊಂದು ಇದ್ದವು. “ನೋಡು ಮಾರಾಯ,” ಎಂದರು ಅವರು, ಕನ್ನಡಕ ತೆಗೆದು ಒರೆಸುತ್ತ, “ನಂಗೆ ಟೆಕ್ನಿಕಲ್ಲು ಗಿಕ್ನಿಕಲ್ಲು ತಿಳಿಯೂದಿಲ್ಲ. ಇವ್ರ ಜರೀಗಿಡದ ಪ್ರಾಜೆಕ್ಟಿನ ಅರ್ಜಿ ಇವತ್ತು ಐದು ಗಂಟೆ ಒಳಗೆ ಹೋಗ್ಬೇಕು. ಜುಲೈದು ಹೋಗ್ಲಿಲ್ಲ. ಹನ್ನೆರಡು ಪುಟದ ಅರ್ಜಿ ಅಂತೆ, ಇಪ್ಪತ್ತು ನಿಮಿಷದಲ್ಲಿ ತುಂಬಿ ಮುಗಿಸ್ದೇ ಇದ್ರೆ ವಾಪಸ್ ಮೊದ್ಲಿಂದ ಅಂತೆ. ಇವ್ರಿಗೆ ಒಂದೊಂದು ಪುಟ ಬರ್ಲಿಕ್ಕೇ ಮೂರು ನಿಮಿಷ. ಲೆಕ್ಕ ನೀನೇ ಹಾಕು.”

“ನಾನು ಕೂತು ನೋಡಿದಾಗೆಲ್ಲ ಸರಿಯಾಗೇ ಬರ್ತದೆ ಸರ್. ಮೇಡಂ ಒಟ್ಟಿಗೆ ಐದಾರು ಕಿಟಕಿ ತೆಗೀತಾರೆ ಅಂತ ಕಾಣ್ತದೆ.”

“ಕಾಣ್ತದೆ,” ಎಂದರು ಸರ್ವಮಂಗಳಾ. ಅಷ್ಟೇ ಎಂದು ಅವನು ಅಂದುಕೊಂಡ. ಅವರು ಪ್ರಿನ್ಸಿಪಾಲರತ್ತ ತಿರುಗಿ, ಅವನು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಹೇಳಿದರು: “ಸರ್, ಇವ್ರಿಗೆ ಗೊತ್ತಾಗೂದಿಲ್ಲ ಅಂದ್ರೆ ಅದು ತಪ್ಪಲ್ಲ. ಗೊತ್ತಾಗೂದಿಲ್ಲ ಅಂತ ಬರೀಲಿ. ನನ್ನ ದೋಷ ಅಂತ ಬರೀತಾರೆ. ಗೊತ್ತಿರೋರನ್ನ ಎಲ್ಲಿಂದಾದ್ರೂ ಕರೆಸಿ.”

ಚಂದ್ರಶೇಖರಯ್ಯ ಕನ್ನಡಕ ಹಾಕಿಕೊಂಡು ಫೈಲಿನ ಮೇಲೆ ಬೆರಳು ಇಟ್ಟರು. ಶಿವಮೊಗ್ಗದಲ್ಲಿ ತಮಗೆ ಗೊತ್ತಿದ್ದವರಿದ್ದಾರೆ, ನಾಳೆಯೇ ಬರುತ್ತಾರೆ ಎಂದರು. ಸೋಮವಾರ ಕಮಿಟಿ ಕೂರುತ್ತದೆ, ಇವನ ಕಾಯಂ ವಿಷಯ ಅವತ್ತೇ ಬರುತ್ತದೆ, ವಿದ್ಯಾಶಂಕರರೂ ಕಮಿಟಿಯಲ್ಲಿದ್ದಾರೆ, “ನಾನೊಬ್ಬ ಎಂತ ಮಾಡ್ಲಿ” ಎಂದರು. ಉಮಾಮಹೇಶ್ವರನಿಗೆ ಕೇಳಿದ್ದು ಒಂದೇ ಮಾತು, ಗೊತ್ತಿರೋರು. ಗೊತ್ತಿಲ್ಲದವನು ಎನ್ನುವುದು ಅವನ ಇಡೀ ಮೈಯನ್ನು ಸುತ್ತಿಕೊಂಡಿತು. ಬಡವನೆನ್ನಲಿ, ಒರಟನೆನ್ನಲಿ, ತಾತ್ಕಾಲಿಕದವನೆನ್ನಲಿ. ಬಿಎಸ್ಸಿಯಲ್ಲಿ ಲ್ಯಾಬ್ ರೆಕಾರ್ಡಿನಲ್ಲಿ ಒಂದು ಅಂಕ ಕಳೆದರೆಂದು ಮೂರು ದಿನ ಊಟ ಬಿಟ್ಟವನನ್ನು ಗೊತ್ತಿಲ್ಲದವನೆಂದು ಒಬ್ಬ ಹೆಂಗಸು, ಅದೂ ಅಷ್ಟು ತಣ್ಣಗೆ, ಮೂರನೆಯವರ ಎದುರಿಗೆ. ಈಕೆಯ ಪ್ರಾಜೆಕ್ಟು ಈ ಸಲವೂ ತಪ್ಪಿಹೋಗಲಿ ಎಂದು ಅವನು ಸ್ಪಷ್ಟವಾಗಿ, ಮಾತಿನಲ್ಲಿ ಹೇಳಿಕೊಂಡಷ್ಟೇ ಸ್ಪಷ್ಟವಾಗಿ ಬಯಸಿದ. ಬಯಸಿದ್ದು ಮುಖದಲ್ಲಿ ಕಂಡಿತೇನೋ ಎಂದು ಕಿಟಕಿಯಾಚೆಯ ಸೈಕಲ್ ಸ್ಟ್ಯಾಂಡ್ ನೋಡಿದ.

“ಒಂದು ಪ್ರಯೋಗ ಮಾಡುವ,” ಎಂದರು ಸರ್ವಮಂಗಳಾ ಹೊರಗೆ ಬಂದ ಮೇಲೆ. “ನಿಮ್ಗೆ ಅಭ್ಯಂತರ ಇಲ್ದಿದ್ರೆ.”

ಕಂಪ್ಯೂಟರ್ ಲ್ಯಾಬಿನಲ್ಲಿ ಆಗ ತರಗತಿ ಇರಲಿಲ್ಲ. ಅಕ್ಕಪಕ್ಕದ ಎರಡು ಕಂಪ್ಯೂಟರುಗಳ ಮುಂದೆ ಇಬ್ಬರೂ ಕೂತರು. ಸರ್ವಮಂಗಳಾ ಒಂದು ಸ್ಟಾಪ್ ವಾಚ್ ತರಿಸಿದ್ದರು. ಅದು ಫಿಸಿಕ್ಸ್ ಲ್ಯಾಬಿನದಾದ್ದರಿಂದ ಅದನ್ನು ತಂದ ಜವಾನ ಧರ್ಮಪ್ಪನ ಹಿಂದೆಯೇ ವಿದ್ಯಾಶಂಕರರೂ ಬಂದರು. “ಎಂತ ಮೇಡಂ, ಇಂಟರ್‌ನೆಟ್ಟಿಗೆ ನಾಡಿ ಹಿಡೀತೀರಾ?” ಎಂದು ಬೆಂಚಿಗೆ ಒರಗಿ ನಿಂತರು. “ನಂಗಂತೂ ಮೊದ್ಲಿಂದ್ಲೂ ಚೆನ್ನಾಗೇ ಬರ್ತದೆ. ನಮ್ಮ ಉಮಾ ಒಳ್ಳೆ ಇಟ್ಕೊಂಡಿದಾನೆ.” ಸರ್ವಮಂಗಳಾ ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದರು. ಆ ಗೆರೆಗಳು ನೆಟ್ಟಗಿರುವುದನ್ನು ನೋಡಿ ಉಮಾಮಹೇಶ್ವರನಿಗೆ ಕಿರಿಕಿರಿಯಾಯಿತು. ಅವನು ತನ್ನ ನಂಬರು ಹಾಕಿದ, ಅವರು ತಮ್ಮದು ಹಾಕಿದರು. ಒಂದೇ ಪುಟವನ್ನು ಒಬ್ಬರಾದ ಮೇಲೊಬ್ಬರು ಕೇಳಿದರು. ಅವನದು ಆರು ಸೆಕೆಂಡು. ಅವರದು ತಲೆಯ ಕಡೆಯಿಂದ ಒಂದೊಂದೇ ಪಟ್ಟಿಯಾಗಿ ಇಳಿಯತೊಡಗಿತು. ಒಂದು ಜರೀಗಿಡದ ಚಿತ್ರ ಅರ್ಧ ಎಲೆಗೆ ಬಂದು ನಿಂತುಕೊಂಡಿತು. ಮೂರು ನಿಮಿಷ ಹತ್ತು ಸೆಕೆಂಡು. ಧರ್ಮಪ್ಪ, “ನಮ್ಮೂರ ಬಸ್ಸಿಗಿಂತ ಅಡ್ಡಿಲ್ಲ,” ಎಂದ.

“ಈಗ ಕುರ್ಚಿ ಬದಲು ಮಾಡುವ.”

ಅವರ ಕುರ್ಚಿ ಬೆಚ್ಚಗಿತ್ತು. ಅವನು ಅದರ ತುದಿಯಲ್ಲಷ್ಟೇ ಕೂತ. ಅವರ ಕಂಪ್ಯೂಟರಿನಲ್ಲಿ ತನ್ನ ನಂಬರು ಹಾಕಿದ, ಆರು ಸೆಕೆಂಡು. ಅವನ ಕಂಪ್ಯೂಟರಿನಲ್ಲಿ ಅವರ ನಂಬರು. ಮತ್ತೆ ಮೂರು ನಿಮಿಷ ಹತ್ತು. ಒಂದು ಸೆಕೆಂಡೂ ಆಚೀಚೆ ಇರಲಿಲ್ಲ. ಆ ಕರಾರುವಾಕ್ಕುತನ ಅವನನ್ನು ಬೆಚ್ಚಿಸಿತು. ಕೆಟ್ಟುಹೋದದ್ದು ಒಂದೊಂದು ಸಲ ಒಂದೊಂದು ಥರ ಕೆಡುತ್ತದೆ. ಇದು ಕೆಟ್ಟದ್ದಲ್ಲ, ಯಾರೋ ಇಟ್ಟದ್ದು.

“ಕುರ್ಚಿದಲ್ಲ, ಮಿಷಿನ್ದಲ್ಲ, ವೈರಿಂದಲ್ಲ,” ಎಂದರು ಸರ್ವಮಂಗಳಾ. “ಒಟ್ಟಿಗೆ ಐದಾರು ಕಿಟಕಿ ತೆಗೆದೂ ಇಲ್ಲ. ಮೂರು ತಿಂಗಳಲ್ಲಿ ನೀವು ವೈರ್ ಬದಲಾಯಿಸಿದ್ರಿ, ಮೌಸ್ ಸಹಾ ಬದಲಾಯಿಸಿದ್ರಿ. ನನ್ನ ನಂಬರಲ್ಲಿ ಒಂದು ಸಲವೂ ಕೂತು ನೋಡ್ಲಿಲ್ಲ. ಉಳಿದದ್ದು ಎಂತ ಹೇಳಿ?”

“ನಂಬರು,” ಎಂದ ಅವನು. ಪರೀಕ್ಷೆಯಲ್ಲಿ ಎದ್ದು ನಿಂತು ಉತ್ತರಿಸಿದವನ ಧ್ವನಿ ಬಂತು. ವಿದ್ಯಾಶಂಕರ ನಕ್ಕರು. “ಅಂತೂ ಸಸ್ಯಶಾಸ್ತ್ರದವ್ರು ಕಂಡು ಹಿಡಿದ್ರು ಮಾರಾಯ!”

ಗೂಡಿಗೆ ಬಂದು ಅವನು ಬಾಗಿಲು ಎಳೆದುಕೊಂಡ. ತಲೆಯ ಮೇಲೆ ಮಧ್ಯಾಹ್ನದ ಗಂಟೆಗೆ ಕಾಲುಗಳ ಪ್ರವಾಹ. ಸರ್ವರಿನ ಕಡತಗಳನ್ನು ಒಂದೊಂದಾಗಿ ತೆರೆದು ಸಾಲುಸಾಲು ಓದುತ್ತ ಹೋದ. ಮೂರು ತಿಂಗಳು ಹೊರಗೆಲ್ಲ ಹುಡುಕಿದವನು ತಾನೇ ಬರೆದ ಕಡತಗಳನ್ನು ಯಾಕೆ ತೆರೆಯಲಿಲ್ಲ ಎಂಬ ಪ್ರಶ್ನೆ ಮೂಡುತ್ತಿದ್ದಂತೆ ಅದನ್ನು ಪಕ್ಕಕ್ಕೆ ಸರಿಸಿದ. ನಾನು ಬರೆದದ್ದರಲ್ಲಿ ತಪ್ಪು ಇರುವುದಿಲ್ಲ, ಅದಕ್ಕೇ. ಐದನೆಯ ಕಡತ ಚಿಕ್ಕದು, ‘ಹಳೆಯದು’ ಎಂದು ಹೆಸರಿಟ್ಟದ್ದು. ಅದರಲ್ಲಿ ಒಂದೇ ಸಾಲು. ಐದನೇ ನಂಬರಿನವರು ಏನೇ ಕೇಳಲಿ, ಸೆಕೆಂಡಿಗೆ ಎರಡು ಕಿಲೋಬೈಟಿಗಿಂತ ಹೆಚ್ಚು ಕೊಡಕೂಡದು. ತಾರೀಖು ಮಾರ್ಚ್ ಹದಿನಾಲ್ಕು. ಅಲ್ಲಿಯವರೆಗೆ ಓದಿದ್ದರಲ್ಲಿ ಒಂದು ಅಕ್ಷರವೂ ಅರ್ಥವಾಗದೆ ಉಳಿದಿರಲಿಲ್ಲ. ಈ ಸಾಲನ್ನು ಮಾತ್ರ ಅವನು ಮೂರು ಸಲ ಓದಿದ.

ಮಾರ್ಚ್ ಹದಿನಾಲ್ಕು. ಡಾರ್ಕ್ ರೂಮಿನಲ್ಲಿ ಸೋಡಿಯಂ ದೀಪದ ಹಳದಿ ಬೆಳಕು, ಸ್ಪೆಕ್ಟ್ರೋಮೀಟರಿಗೆ ಬಗ್ಗಿದ ನಾಲ್ಕು ಹುಡುಗಿಯರು. ಅವರಿಗೆ ಬೆಳಕಿನ ಗೆರೆ ಕಾಣುತ್ತಿರಲಿಲ್ಲ. ಪ್ಲಗ್ ರಿಪೇರಿಗೆ ಹೋಗಿದ್ದ ಅವನು ಪ್ರಿಸಂ ಅನ್ನು ಒಂಚೂರು ತಿರುಗಿಸಿ, ಕಣ್ಣಿಟ್ಟು, ಈಗ ನೋಡಿ ಎಂದ. ಕಂಡಿತು ಎಂದು ಒಬ್ಬಳು ಚಪ್ಪಾಳೆ ತಟ್ಟಿದಳು. ಎರಡು ಗೆರೆ ಯಾಕೆ ಬರುತ್ತದೆಂದು ಹೇಳತೊಡಗಿದ. ನಾಲ್ಕು ವರ್ಷಗಳಿಂದ ಯಾರಿಗೂ ಹೇಳದೆ ಒಳಗೆ ಕೂಡಿಟ್ಟುಕೊಂಡದ್ದು ಸರಾಗವಾಗಿ ಬರುತ್ತಿತ್ತು, ಅವರು ಬರೆದುಕೊಳ್ಳುತ್ತಿದ್ದರು. ಪರದೆ ಸರಿದು ವಿದ್ಯಾಶಂಕರ. “ಉಮಾ, ನೀನು ವೈರ್ ನೋಡ್ಕೊ ಮಾರಾಯ. ಬೆಳಕನ್ನ ನಾವು ನೋಡ್ಕೋತೀವಿ.” ಹುಡುಗಿಯರು ನಕ್ಕರು. ಚಪ್ಪಾಳೆ ತಟ್ಟಿದವಳೂ ನಕ್ಕಳು. ಅವನೂ ನಕ್ಕ, ಸ್ಕ್ರೂಡ್ರೈವರ್ ಎತ್ತಿಕೊಂಡು ಹೊರಗೆ ಬಂದ. ಸಂಜೆ ಈ ಸಾಲನ್ನು ಬರೆದ. ಆಗ ಐದನೆಯವರು ವಿದ್ಯಾಶಂಕರ. ಆ ಮನುಷ್ಯ ದೂರುತ್ತಾನೆ, ಬರುತ್ತಾನೆ, ನೋಡು ಮಾರಾಯ ಎಂದು ಗೋಗರೆಯುತ್ತಾನೆ ಎಂದು ಎರಡು ವಾರ ಕಾದ. ವಿದ್ಯಾಶಂಕರರಿಗೆ ಇಂಟರ್‌ನೆಟ್ ಎಂದರೆ ವಾರಕ್ಕೆ ಒಂದು ಪತ್ರ. ಅದು ತೆರೆದುಕೊಳ್ಳುವಷ್ಟರಲ್ಲಿ ಶೃಂಗೇರಿಯ ಮನೆಗೊಂದು ಫೋನು ಮಾಡಿ, ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಿಧಾನವಾದದ್ದು ಅವರಿಗೆ ತಿಳಿಯಲೇ ಇಲ್ಲ. ತಿಳಿಯದ ಪೆಟ್ಟನ್ನು ಕೊಟ್ಟವನೇ ನಾಚಿಕೊಂಡು ಮರೆತುಬಿಟ್ಟ. ಜೂನ್‌ನ ಆ ಶನಿವಾರ ಎಲ್ಲರನ್ನೂ ಮೇಲಕ್ಕೆ ಸರಿಸಿದಾಗ ವಿದ್ಯಾಶಂಕರ ನಾಲ್ಕಾದರು, ಅವರ ಕೆಳಗೆ ಸಹಿ ಮಾಡುವ ಸರ್ವಮಂಗಳಾ ಐದಾದರು. ಸಾಲು ಇದ್ದಲ್ಲೇ ಇತ್ತು.

ಅವನು ಸಾಲನ್ನು ಅಳಿಸಿ ಕಡತವನ್ನು ಉಳಿಸಿದ. ಕಡತದ ತಾರೀಖು ಕಣ್ಣೆದುರಿಗೇ ಇವತ್ತಿನದಾಯಿತು. ಮಾರ್ಚ್ ಹದಿನಾಲ್ಕು ಇನ್ನು ಅವನೊಬ್ಬನಿಗಷ್ಟೇ ಗೊತ್ತು. ಜುಲೈಯಲ್ಲಿ ಸರ್ವಮಂಗಳಾ ಕೊನೆಯ ಗಳಿಗೆಯಲ್ಲಿ ಬಸ್‌ಸ್ಟ್ಯಾಂಡಿನ ಸೈಬರ್‌ಗೆ ಓಡಿದ್ದು, ಅಲ್ಲಿ ಕರೆಂಟಿಲ್ಲದೆ ವಾಪಸು ಬಂದು ಸ್ಟಾಫ್ ರೂಮಿನಲ್ಲಿ ಛತ್ರಿ ಮಡಿಸದೆಯೇ ಕೂತಿದ್ದು ಅವನಿಗೆ ನೆನಪಿತ್ತು. ಆಗ ತಾನು ಬಾಗಿಲಲ್ಲಿ ನಿಂತು, ಸ್ವಲ್ಪ ಮೊದಲೇ ಹಾಕಬೇಕಿತ್ತು ಮೇಡಂ, ಎಂದದ್ದೂ. ಆ ಪ್ರಾಜೆಕ್ಟು ಸಿಕ್ಕಿದ್ದರೆ ಆಕೆಗೆ ಎರಡು ವರ್ಷ ಪಾಠದಿಂದ ಬಿಡುವು, ಒಬ್ಬ ಸಹಾಯಕ, ಒಂದು ಮೈಕ್ರೋಸ್ಕೋಪು. ನರಸಿಂಹರಾಜಪುರದಿಂದ ದಿನಾ ಬಸ್ಸಿನಲ್ಲಿ ನಿಂತು ಬಂದು ಹೋಗುವವರಿಗೆ ಅದು ಏನು ಎಂದು ಊಹಿಸಲು ಹೊರಟು ನಿಲ್ಲಿಸಿದ. ಹೋಗಿ ಹೇಳಿಬಿಡುವುದೆಂದು ಎದ್ದ. ಎದ್ದಾಗ ಮೆಟ್ಟಿಲಿನ ಅಡಿಹಲಗೆ ನೆತ್ತಿಗೆ ಬಡಿಯಿತು, ಕೂತ.

ಮೂರೂವರೆಗೆ ಧರ್ಮಪ್ಪ ಬಂದು ಹೇಳಿದ: “ಹೋಯ್ತಂತೆ ಮಾರಾಯ್ರೆ! ಮೇಡಮ್ಮಂದು, ಹನ್ನೆರಡೂ ಪುಟ ಹೋಯ್ತಂತೆ. ನೀವು ಎಂತ ಮಾಡಿದ್ರಿ?” ಧರ್ಮಪ್ಪನ ಹಿಂದೆಯೇ ಆ ಹೆಜ್ಜೆಯ ಸದ್ದು ಬಂತು. ಸರ್ವಮಂಗಳಾ ಮೊದಲ ಬಾರಿಗೆ ಗೂಡಿನ ಒಳಗೆ ಬಂದರು, ತಲೆ ತಗ್ಗಿಸಿಕೊಂಡೇ ನಿಂತರು. ಧರ್ಮಪ್ಪ ಹೊರಟ.

“ಎಂತ ಇತ್ತು?”

“ಐದನೇ ನಂಬರಿಗೆ ಒಂದು ತಡೆ ಇತ್ತು ಮೇಡಂ. ತೆಗೆದೆ.”

“ತಾನಾಗೇ ಹುಟ್ಟಿಕೊಳ್ತದಾ ಅದು?”

ಹೊರಗೆ ಕಾರಿಡಾರಿನಲ್ಲಿ ವಿದ್ಯಾಶಂಕರ ಯಾರೊಂದಿಗೋ ಜೋರಾಗಿ ನಗುತ್ತಿದ್ದರು. ಪ್ಲೈವುಡ್ಡಿನ ಗೋಡೆಗೆ ಆ ನಗು ಬಡಿಯುತ್ತಿತ್ತು. “ಇಲ್ಲ,” ಎಂದ ಅವನು. “ಬರೀಬೇಕು.”

“ಬರೆದದ್ದು ಯಾರು?”

“ನಾನು.”

ಸರ್ವಮಂಗಳಾರ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಲೆಕ್ಕದ ಉತ್ತರ ಪುಸ್ತಕದ ಹಿಂದಿನ ಉತ್ತರಕ್ಕೆ ಹೊಂದಿಕೆಯಾದಾಗಿನ ಒಂದು ಸಣ್ಣ ನಿರಾಳ ಮಾತ್ರ ಕಂಡಿತು. “ಯಾವಾಗ?”

ಅವನ ಬಾಯಿಯಲ್ಲಿ ಮಾರ್ಚ್ ಎಂಬ ಪದ ಸಿದ್ಧವಾಗಿತ್ತು. ಮಾರ್ಚ್ ಎಂದರೆ ಸಾಕು. ಈಕೆ ನೋಟ್‌ಬುಕ್ ತೆರೆಯಬೇಕಾಗಿಯೂ ಇಲ್ಲ, ಮಾರ್ಚಿನಲ್ಲಿ ಐದು ಯಾರೆಂದು ಮರುಗಳಿಗೆಯೇ ಹೇಳಿಯಾರು. ಪ್ರಿನ್ಸಿಪಾಲರ ಮುಂದೆ ಹೇಳಿಯಾರು. ಸೋಮವಾರ ಕಮಿಟಿಯಲ್ಲಿ ವಿದ್ಯಾಶಂಕರ ಅವನ ಫೈಲನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸುವುದು ಕಂಡಿತು. ಈಕೆಗೇ ಮಾಡಿದ್ದೆಂದರೆ ಹಾಗಲ್ಲ. ಈಕೆ ದೂರಿಯಾರು, ಚಂದ್ರಶೇಖರಯ್ಯ ಕನ್ನಡಕ ಒರೆಸಿಯಾರು, ಅರ್ಜಿ ಹೋಯಿತಲ್ಲ ಮೇಡಂ ಎಂದಾರು, ಇವನಿಂದ ಒಂದು ಕ್ಷಮಾಪಣೆ ಬರೆಸಿಕೊಂಡು ಅಲ್ಲಿಗೇ ಬಿಟ್ಟಾರು. ಹೆಂಗಸರಿಗೆ ಮಾಡಿದ ಅನ್ಯಾಯಕ್ಕೆ ಈ ಕಾಲೇಜಿನಲ್ಲಿ ಎಷ್ಟು ಬೆಲೆಯೆಂದು ನಾಲ್ಕು ವರ್ಷದಿಂದ ನೋಡಿದ್ದ. ಅಷ್ಟನ್ನೂ ಅವನು ಒಂದು ಉಸಿರಿನೊಳಗೆ ತೂಗಿ ನೋಡಿದ. ಹಾಗೆ ತೂಗುತ್ತಿರುವವನನ್ನು ಇನ್ನೊಬ್ಬ ಉಮಾಮಹೇಶ್ವರ ದೂರದಿಂದ ನೋಡುತ್ತಿದ್ದ, ನೋಡಿದ್ದಷ್ಟೇ.

“ಜೂನ್‌ನಲ್ಲಿ,” ಎಂದ.

“ಅಂದ್ರೆ ನಂಗೇ.”

“ಹೌದು ಮೇಡಂ. ನಿಮಗೇ.”

ಅವರು ಸೆರಗಿನ ತುದಿಯಿಂದ ಬೆರಳಿಗಂಟಿದ ಶಾಯಿ ಒರೆಸಿಕೊಂಡರು. “ನಂಗೆ ಗೊತ್ತಿತ್ತು. ನನ್ನ ಯಜಮಾನ್ರು, ಹಾಗೆಲ್ಲ ಯಾರೂ ಮಾಡೂದಿಲ್ಲ, ನಿಂಗೆ ಭ್ರಮೆ ಅಂತಿದ್ರು. ಭ್ರಮೆಯೇನೋ ಅಂತ ನಾನೂ ಎರಡು ತಿಂಗಳು ಅಂದ್ಕೊಂಡೆ.” ಧ್ವನಿ ಏರಲಿಲ್ಲ. “ಈಗ ಒಂದು ಹೇಳಿ. ನಿಮಗೆ ನಾನು ಎಂತ ಮಾಡಿದ್ದೆ?”

ಇದನ್ನು ಅವನು ತೂಗಿರಲಿಲ್ಲ. ದ್ವೇಷ ಎಂದ ಮೇಲೆ ಅದಕ್ಕೊಂದು ಹುಟ್ಟು ಬೇಕು. ಆಕೆ ಪ್ರಯೋಗದವರು, ಕಾರಣವಿಲ್ಲದ ಫಲಿತಾಂಶವನ್ನು ಒಪ್ಪಿಕೊಂಡು ಹೋಗುವವರಲ್ಲ. ನಾಲ್ಕು ವರ್ಷಗಳನ್ನು ಅವನು ಗಡಿಬಿಡಿಯಲ್ಲಿ ತಡಕಾಡಿದ. ಈಕೆ ಒಂದು ಸಲ ಅವನ ತಾಯಿಗೆ ಕಣ್ಣಿನ ಆಪರೇಷನ್ ಆದಾಗ ಡಾಕ್ಟರ ಹೆಸರು ಬರೆದುಕೊಟ್ಟಿದ್ದರು. ಒಂದು ಸಲ ಬಸ್ಸಿನಲ್ಲಿ ಸೀಟು ತೋರಿಸಿದ್ದರು. ಹೆಸರು ಪೂರ್ತಿ ಕರೆಯುತ್ತಿದ್ದರು. ಬೇರೇನೂ ಇರಲಿಲ್ಲ, ಈ ಮೂರು ತಿಂಗಳನ್ನು ಬಿಟ್ಟರೆ ಒಂದು ಒರಟು ಮಾತು ಸಹಾ ಇರಲಿಲ್ಲ. ಸರ್ವಮಂಗಳಾ ಕಾಯುತ್ತಿದ್ದರು.

“ಹೋದ ವರ್ಷ,” ಎಂದ ಅವನು, “ಸ್ಟಾಫ್ ರೂಮಲ್ಲಿ. ನಾನು ಫ್ಯಾನ್ ಸರಿ ಮಾಡ್ಲಿಕ್ಕೆ ಬಂದಿದ್ದೆ. ಧರ್ಮಪ್ಪ ನಂಗೂ ಒಂದು ಗ್ಲಾಸ್ ಟೀ ಕೊಟ್ಟ. ಇವ್ರಿಗೂ ಇಲ್ಲೇ ಕೊಡ್ತೀಯಾ ಅಂತ ಕೇಳಿದ್ರಿ ನೀವು. ಎಲ್ಲರ ಎದ್ರಿಗೆ.”

ಅಂಥದ್ದು ನಡೆದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವನು ಒಂದು ದಿನವೂ ಟೀ ಕುಡಿದಿರಲಿಲ್ಲ.

ಸರ್ವಮಂಗಳಾ ಹುಬ್ಬು ಕೂಡಿಸಿ ನೆಲ ನೋಡಿದರು. ನೆನಪು ಮಾಡಿಕೊಳ್ಳುತ್ತಿದ್ದರು, ಪ್ರಾಮಾಣಿಕವಾಗಿಯೇ. ಕಳೆದ ವರ್ಷದ ಟೀ ಹೊತ್ತುಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡುತ್ತಿರುವುದು ಕಾಣುತ್ತಿತ್ತು. ಇಲ್ಲ ಎನ್ನಲಿ ಎಂದು ಅವನು ಕಾದ. ಇಲ್ಲ, ಸುಳ್ಳು ಹೇಳುತ್ತಿದ್ದೀರಿ ಎಂದುಬಿಟ್ಟರೆ ಮಿಕ್ಕದ್ದನ್ನೂ ಹೇಳಿಬಿಡುತ್ತೇನೆ ಎಂದುಕೊಂಡ.

“ಅಂದಿದ್ನಾ?” ಎಂದರು. ಆಮೇಲೆ ತಲೆ ಎತ್ತಿ, ನೇರವಾಗಿ ಅವನ ಮುಖ ನೋಡಿ, “ಅಂದಿರಬಹುದು. ಅಂದಿದ್ರೆ ಸರಿಯಾಗೇ ಅಂದಿದ್ದೆ. ಒಂದು ಗ್ಲಾಸ್ ಟೀಗೆ ಮೂರು ತಿಂಗಳು ಹೀಗೆ ಮಾಡೋ ಮನುಷ್ಯನ್ನ ಎಲ್ಲಿ ಇಡ್ಬೇಕೋ ಅಲ್ಲೇ ಇಟ್ಟಿದ್ದೆ ಅಂತಾಯ್ತು,” ಎಂದರು. “ಪ್ರಿನ್ಸಿಪಾಲ್ರಿಗೆ ಹೇಳ್ತೇನೆ. ನೀವು ಇಲ್ಲ ಅನ್ಬೇಡಿ.” ತಲೆ ತಗ್ಗಿಸಿಕೊಂಡೇ ತಿರುಗಿ ಹೊರಗೆ ಹೋದರು.

ಉಮಾಮಹೇಶ್ವರನ ಕಿವಿಗಳು ಬಿಸಿಯಾದವು. ಎಂಥ ಹೆಂಗಸು, ಎಂದುಕೊಂಡ. ಒಂದು ಗ್ಲಾಸ್ ಟೀ, ಅದನ್ನೂ ಎಣಿಸಿದವಳು, ಈಗಲೂ ಸರಿಯಾಗೇ ಅಂದೆ ಎನ್ನುತ್ತಾಳೆ. ಸ್ಟಾಫ್ ರೂಮಿನ ಉದ್ದ ಮೇಜು, ತಿರುಗದೆ ನಿಂತ ಫ್ಯಾನು, ತಲೆ ಎತ್ತಿ ತನ್ನ ಕಡೆ ನೋಡಿದ ಎಂಟು ಹತ್ತು ಮುಖಗಳು, ಅವುಗಳ ನಡುವೆ ಆಕೆಯ ತುಟಿ ಅಲ್ಲಾಡಿದ್ದು. ಆ ದಿನ ಗ್ಲಾಸು ಎಷ್ಟು ಬಿಸಿಯಿತ್ತೆಂಬುದೂ ಅವನಿಗೆ ನೆನಪಾಗತೊಡಗಿತು.